ಕೊಳವೆಬಾವಿಯ ನೀರನ್ನು ನೆಚ್ಚಿರುವ ಗೃಹಸ್ಥರಿಗೆ



ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಗಳಲ್ಲಿಯೂ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳ ಊರುಗಳಲ್ಲಿಯೂ ಮನೆ ಕಟ್ಟಿಕೊಂಡು, ನದಿಯ ನೀರು ಬರುವ ದಿನವನ್ನು ಎದುರುನೋಡುತ್ತ, ಅಲ್ಲಿಯವರೆಗೆ ನೆಲದ ಆಳದಿಂದ ಎತ್ತಿದ ನೀರಿನಲ್ಲಿಯೇ ಸ್ನಾನಪಾನಾದಿ ಸಕಲ ವ್ಯವಹಾರಗಳನ್ನೂ ನಡೆಸಿಕೊಂಡು ಬರುತ್ತಿರುವ ತಮಗೆಲ್ಲರಿಗೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಸೋಪನ್ನು ಎಷ್ಟು ಉಜ್ಜಿದರೂ ನೊರೆ ಬಾರದು, ತೊಗರಿಬೇಳೆ ಎಷ್ಟು ಹೊತ್ತು ಒಲೆಯ ಮೇಲಿದ್ದರೂ ಕರಗದು, ನಲ್ಲಿಯ ಬಾಯಲ್ಲಿ ಬಿಳಿಯ ಕರೆ ಕಟ್ಟಿ ನೀರಿನ ಧಾರೆ ದಿಕ್ಕು ತಪ್ಪುವುದು, ಗೀಸರಿನ ಕಾಯಿಲ್ ಮತ್ತೆ ಮತ್ತೆ ಸುಟ್ಟುಹೋಗುವುದು, ತಲೆಗೂದಲು ಬಿರುಸಾಗಿ ಸಿಕ್ಕುಗಟ್ಟುವುದು, ಇವೆಲ್ಲ ತಮ್ಮ ದೈನಂದಿನ ಸಂಕಟಗಳೆಂಬುದನ್ನು ನಾನು ಬಲ್ಲೆ. ನಾನೂ ಅಂಥದೇ ನೀರಿನ ಮನೆಯಲ್ಲಿ ವಾಸಿಸುವವನು. ಆದರೆ ಈ ಸಂಕಟಗಳ ಪರಿಹಾರಕ್ಕೆಂದು ನಾವು ಮಾಡುತ್ತಿರುವ ವೆಚ್ಚವು ಬಹುಮಟ್ಟಿಗೆ ಸಲ್ಲದ ಕಡೆಗೆ ಹೋಗುತ್ತಿದೆಯೆಂಬುದೂ, ಅಂಜಬೇಕಾದುದಕ್ಕೆ ಅಂಜದೆ ಅಂಜಬೇಕಿಲ್ಲದುದಕ್ಕೆ ಅಂಜುತ್ತಿದ್ದೇವೆಂಬುದೂ ನನ್ನ ದೃಢವಾದ ಅಭಿಪ್ರಾಯವಾದುದರಿಂದ, ಅದನ್ನು ಸಕಾರಣವಾಗಿ ತಮ್ಮ ಮುಂದೆ ನಿವೇದಿಸಿಕೊಳ್ಳುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಮೋಡದಿಂದ ಇಳಿಯುವ ನೀರು ಗಡಸಲ್ಲ. ಅದು ಗಾಳಿಯಿಂದ ಸ್ವಲ್ಪವೂ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನಿಂದ ಬಹಳವೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಮಂದವಾದ ಆಮ್ಲವಾಗಿ ಮಾರ್ಪಟ್ಟು, ನಮ್ಮ ಹಳೆಯ ಮೈಸೂರು ಸೀಮೆಗೆ ಅಡಿಪಾಯವಾಗಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ಇಳಿಯುತ್ತ, ಆ ಶಿಲೆಗಳಲ್ಲಿರುವ ಖನಿಜಗಳನ್ನು ಮೆಲ್ಲಮೆಲ್ಲನೆ ಸವೆಸಿ, ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಎಂಬ ಎರಡು ಧಾತುಗಳ ಲವಣಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ; ಗಡಸುತನವೆಂದರೆ ಇಷ್ಟೇ. ಮಲೆನಾಡಿನಲ್ಲಿ ಮಳೆ ಅಪಾರವಾದುದರಿಂದ ಲವಣವೆಲ್ಲ ತೊಳೆದುಹೋಗಿ ಅಲ್ಲಿಯ ನೀರು ಮೆದುವಾಗಿರುತ್ತದೆ. ಬಯಲುಸೀಮೆಯಲ್ಲಾದರೋ ಮಳೆ ಕಡಿಮೆ, ಬಿಸಿಲು ಹೆಚ್ಚು. ಮಣ್ಣಿನೊಳಗಣ ನೀರು ಆವಿಯಾಗಿ ಲವಣ ಹಿಂದುಳಿಯುತ್ತದೆ. ಬಾಗಲಕೋಟೆ, ಕಲಬುರಗಿಗಳ ಕಡೆ, ಶಹಾಬಾದಿನ ಹಾಸುಗಲ್ಲು ದೊರೆಯುವ ಪ್ರದೇಶದಲ್ಲಿ, ನೆಲದಡಿಯ ಬಂಡೆಯೇ ಸುಣ್ಣಕಲ್ಲಾಗಿರುವುದರಿಂದ ನೀರಿನ ಗಡಸುತನವನ್ನು ಕುರಿತು ಆಶ್ಚರ್ಯಪಡಬೇಕಾದುದೇ ಇಲ್ಲ. ತೆರೆದ ಬಾವಿಗಳು ಬತ್ತಿ, 1000 ಅಡಿಗೂ ಮೀರಿ ಕೊಳವೆಬಾವಿಗಳನ್ನು ಕೊರೆಸುವ ಕಾಲ ಬಂದ ಮೇಲೆ, ಬಹುಕಾಲ ಬಂಡೆಯ ಸಂಗದಲ್ಲಿಯೇ ಇದ್ದ ನೀರು ನಮ್ಮ ಮನೆಗಳಿಗೆ ಬರತೊಡಗಿತು.

ಈ ಗಡಸುತನದಲ್ಲಿ ಎರಡು ಬಗೆಯುಂಟೆಂಬುದನ್ನು ತಾವು ಶಾಲೆಯ ಪಾಠದಲ್ಲಿ ಓದಿರುವಿರಿ. ಬೈಕಾರ್ಬೊನೇಟುಗಳಿಂದ ಬಂದುದು ತಾತ್ಕಾಲಿಕವಾದುದು, ಕುದಿಸಿದರೆ ಬಹುಪಾಲು ತಳಕ್ಕೆ ಕೂರುವಂಥದು. ಸಲ್ಫೇಟು ಮತ್ತು ಕ್ಲೋರೈಡುಗಳಿಂದ ಬಂದುದು ಸ್ಥಿರವಾದುದು, ಕುದಿತಕ್ಕೆ ಬಗ್ಗದಂಥದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಈ ಭೇದವೇ ಗೃಹಕೃತ್ಯದಲ್ಲಿ ನಮಗೆ ಅತ್ಯಂತ ಪ್ರಯೋಜನಕಾರಿಯಾದುದೆಂಬುದು ಮುಂದೆ ವ್ಯಕ್ತವಾಗುವುದು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಗಡಸು ನೀರನ್ನು ಕುಡಿದರೆ ಕೆಡುಕುಂಟೆ? ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನವು ಅಪೇಕ್ಷಣೀಯವಾದ ಮೇರೆಯೆಂದೂ, ಬೇರೆ ನೀರು ದೊರೆಯದ ಕಡೆ 600ರವರೆಗೆ ಸಹಿಸಿಕೊಳ್ಳಬಹುದೆಂದೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮೇರೆಯನ್ನೂ ವಿಧಿಸಿಲ್ಲ. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂಗಳು ಶರೀರಕ್ಕೆ ಬೇಕಾದ ಪದಾರ್ಥಗಳೇ ಆಗಿವೆ. ಮೂತ್ರಪಿಂಡದ ಕಲ್ಲಿಗೆ ಗಡಸು ನೀರೇ ಮೂಲವೆಂಬ ಜನಜನಿತವಾದ ಮಾತು ವೈದ್ಯಶಾಸ್ತ್ರದಲ್ಲಿ ಸಿದ್ಧಪಟ್ಟುದಲ್ಲ. ದಿನಕ್ಕೆ ಸಾಕಷ್ಟು ನೀರು ಕುಡಿಯದಿರುವುದೇ ಅದಕ್ಕಿಂತ ಬಲವಾದ ಕಾರಣ. ಈಗಾಗಲೇ ಆ ವ್ಯಾಧಿಯಿರುವವರು ತಮ್ಮ ವೈದ್ಯರ ಮಾತಿನಂತೆ ನಡೆಯತಕ್ಕದ್ದು.

ಹಾಗಾದರೆ ಭಯಪಡಬೇಕಾದುದು ಯಾವುದಕ್ಕೆ? ಫ್ಲೋರೈಡಿಗೆ ಮತ್ತು ನೈಟ್ರೇಟಿಗೆ. ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಇವು ನಲ್ಲಿಯ ಮೇಲೆ ಕರೆ ಕಟ್ಟುವುದಿಲ್ಲ, ನೊರೆಯನ್ನು ತಡೆಯುವುದಿಲ್ಲ. ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಮಚ್ಚೆಗಳೇಳುತ್ತವೆ. ಅದು ಇನ್ನೂ ಅಧಿಕವಾದಲ್ಲಿ ಮೂಳೆ ಕೀಲುಗಳು ಬಿಗಿದು ಮನುಷ್ಯ ಬಾಗಿಹೋಗುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಅನೇಕ ಗ್ರಾಮಗಳು ಈ ಸಂಕಟವನ್ನು ಕಣ್ಣಾರೆ ಕಂಡಿವೆ. ನೈಟ್ರೇಟು ಮಲಗುಂಡಿಗಳಿಂದಲೂ ಹೊಲಕ್ಕೆ ಸುರಿದ ಗೊಬ್ಬರದಿಂದಲೂ ಅಂತರ್ಜಲಕ್ಕೆ ಇಳಿಯುತ್ತದೆ. 45 ಮಿಲಿಗ್ರಾಮನ್ನು ಮೀರಿದರೆ ಎಳೆಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುವುದರಿಂದ, ಮಾನಕವು ಅದರ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರಿಲ್ಲ. ಇನ್ನೊಂದು ಸಂಗತಿಯನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ: ಕ್ಯಾಲ್ಸಿಯಂ ಹೆಚ್ಚಾಗಿರುವ ನೀರಿನಲ್ಲಿ ಫ್ಲೋರೈಡು ಅದರೊಡನೆ ಕೂಡಿ ಹೊರಬೀಳುವ ಸಂಭವವಿರುವುದರಿಂದ, ಫ್ಲೋರೈಡು ಅಧಿಕವಾಗಿರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರಯುಕ್ತ ನೀರಿನಲ್ಲಿ, ಎಂದರೆ, ಚೆನ್ನಾಗಿ ನೊರೆ ಬರುವುದೆಂದು ನಾವು ಸಂತೋಷಪಡುವ ನೀರಿನಲ್ಲಿಯೇ ಆ ದೋಷ ಅಡಗಿರಬಹುದು. ಕುದಿಸಿದರೆ ಗಡಸುತನ ಇಳಿದೀತು. ಫ್ಲೋರೈಡು, ನೈಟ್ರೇಟುಗಳು ಇಳಿಯುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತವೆ.

ಆದುದರಿಂದ ಯಾವ ಯಂತ್ರವನ್ನು ಕೊಳ್ಳುವುದಕ್ಕೂ ಮುನ್ನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಪ್ರತಿಯೊಂದು ಜಿಲ್ಲೆಯಲ್ಲಿಯೂ ಕುಡಿಯುವ ನೀರನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಗಳುಂಟು. ಒಟ್ಟು ಗಡಸುತನ, ಕ್ಷಾರತೆ, ಫ್ಲೋರೈಡು, ನೈಟ್ರೇಟು, ಕಬ್ಬಿಣ, ಕೋಲಿಫಾರಂ ಎಂಬ ಮಲಸಂಬಂಧಿ ಸೂಕ್ಷ್ಮಜೀವಿಗಳು, ಇಷ್ಟನ್ನು ಕೇಳಿ ಬರೆಸಿಕೊಳ್ಳಿರಿ. ಇದರಲ್ಲಿ ಕ್ಷಾರತೆಯ ಅಂಕಿಯನ್ನು ಗಡಸುತನದ ಅಂಕಿಯೊಡನೆ ಹೋಲಿಸಿ ನೋಡುವುದು ಬಹು ಉಪಯುಕ್ತ: ಎರಡೂ ಸಮಾನವಾಗಿದ್ದರೆ, ಇಲ್ಲವೆ ಕ್ಷಾರತೆಯೇ ಹೆಚ್ಚಾಗಿದ್ದರೆ, ತಮ್ಮ ನೀರಿನ ಗಡಸುತನವೆಲ್ಲ ತಾತ್ಕಾಲಿಕವಾದುದು, ಒಲೆಯ ಮೇಲಿಟ್ಟ ಪಾತ್ರೆಯೇ ತಮಗೆ ಸಾಕಾದೀತು, ಗಡಸುತನವು ಕ್ಷಾರತೆಯನ್ನು ಬಹುವಾಗಿ ಮೀರಿದ್ದರೆ ಕುದಿಸುವುದರಿಂದ ಆಗುವ ಲಾಭ ಅಲ್ಪ. ಇಷ್ಟನ್ನು ತಿಳಿಯದೆ ಸಾವಿರಾರು ರೂಪಾಯಿಗಳ ಯಂತ್ರವನ್ನು ಗೋಡೆಗೆ ತೂಗುಹಾಕುವುದು ವಿವೇಕವಲ್ಲ.

ಮನೆಬಾಗಿಲಿಗೆ ಬರುವ ಮಾರಾಟಗಾರರು ನಡೆಸುವ ಎರಡು ಪ್ರದರ್ಶನಗಳ ವಿಷಯವಾಗಿಯೂ ತಮ್ಮನ್ನು ಎಚ್ಚರಿಸಬೇಕಾಗಿದೆ. ಟಿಡಿಎಸ್ ಮೀಟರ್ ಎಂಬ ಕಡ್ಡಿಯು ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುವುದೆಂಬುದನ್ನು ಅಳೆದು, ಕರಗಿರುವ ಒಟ್ಟು ಲವಣದ ಅಂದಾಜನ್ನು ಮಾತ್ರ ಕೊಡುತ್ತದೆ; ಆ ಲವಣ ಅಡುಗೆಯ ಉಪ್ಪೋ ಸುಣ್ಣವೋ ಫ್ಲೋರೈಡೋ ಎಂಬುದನ್ನು ಅದು ಹೇಳಲಾರದು. ಎರಡನೆಯದು ಇನ್ನೂ ಅನ್ಯಾಯವಾದುದು: ಎರಡು ಲೋಟಗಳಲ್ಲಿ ತಮ್ಮ ನೀರನ್ನೂ ಯಂತ್ರದ ನೀರನ್ನೂ ಇಟ್ಟು, ಕಬ್ಬಿಣದ ಸರಳುಗಳನ್ನು ಅದ್ದಿ ವಿದ್ಯುತ್ತನ್ನು ಹಾಯಿಸುತ್ತಾರೆ, ತಮ್ಮ ನೀರು ಕಂದುಬಣ್ಣಕ್ಕೆ ತಿರುಗಿ ಕೊಳೆಯಂತೆ ಬುರುಗು ಕಟ್ಟುತ್ತದೆ, ಯಂತ್ರದ ನೀರು ತಿಳಿಯಾಗಿಯೇ ಇರುತ್ತದೆ. ಆ ಕಂದುಬಣ್ಣ ತಮ್ಮ ನೀರಿನದಲ್ಲ, ವಿದ್ಯುತ್ತಿನಿಂದ ಕರಗಿದ ಕಬ್ಬಿಣದ ಸರಳಿನದು. ಲವಣವೇ ಇಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯದಾದುದರಿಂದ ಅಲ್ಲಿ ಏನೂ ಆಗದು, ಅಷ್ಟೆ. ಮಕ್ಕಳ ಆರೋಗ್ಯವನ್ನು ಕುರಿತ ತಾಯಂದಿರ ಭಯವನ್ನು ಬಂಡವಾಳವಾಗಿ ಮಾಡಿಕೊಳ್ಳುವ ಈ ವಿದ್ಯೆಯನ್ನು ಕಂಡಾಗಲೆಲ್ಲ ನನ್ನ ಮನಸ್ಸು ಬಹಳ ನೋಯುತ್ತದೆ.

ನೀರಿನ ಸ್ವರೂಪ ತಿಳಿದ ಮೇಲೆ ಮಾಡಬೇಕಾದುದು ಅದರ ವಿಭಾಗ. ನಮ್ಮ ಹಿರಿಯರು ಇದನ್ನು ಸಹಜವಾಗಿಯೇ ಬಲ್ಲವರಾಗಿದ್ದರು. ಊರಿಗೊಂದು ಸಿಹಿನೀರ ಬಾವಿ, ಅದು ಕುಡಿಯುವುದಕ್ಕೆ ಮತ್ತು ಅಡುಗೆಗೆ. ಉಪ್ಪುನೀರ ಬಾವಿ ಬೇರೆ, ಅದು ದನಕರುಗಳಿಗೆ, ಬಟ್ಟೆಬರೆಗೆ, ಪಾತ್ರೆಪಡಗಕ್ಕೆ. ಧಾರವಾಡ, ಗದಗ ಜಿಲ್ಲೆಗಳ ಕಪ್ಪುಮಣ್ಣಿನ ಸೀಮೆಯಲ್ಲಿ, ನವಲಗುಂದ, ರೋಣಗಳ ಸುತ್ತ, ಬಾವಿ ತೋಡಿದರೆ ಸವಳು ನೀರೇ ಬರುವುದರಿಂದ, ಮಳೆಯ ನೀರು ತುಂಬುವ ಕೆರೆಯನ್ನು ಕುಡಿಯುವುದಕ್ಕೆಂದೇ ಮೀಸಲಿಟ್ಟು, ಅದರಲ್ಲಿ ಕಾಲು ತೊಳೆಯುವುದನ್ನೂ ನಿಷೇಧಿಸಿದ ಊರುಗಳುಂಟು. ನಾವಾದರೋ ಒಂದೇ ಸಂಪು, ಒಂದೇ ತೊಟ್ಟಿ, ಒಂದೇ ಕೊಳಾಯಿ ಸಾಲನ್ನು ಇಟ್ಟುಕೊಂಡು, ದೇವರ ಅಭಿಷೇಕಕ್ಕೂ ಶೌಚಾಲಯಕ್ಕೂ ಒಂದೇ ನೀರನ್ನು ಹರಿಸಿ, ಆ ಬಳಿಕ ಅಷ್ಟನ್ನೂ ಮೆದುಗೊಳಿಸುವುದು ಹೇಗೆಂದು ಚಿಂತಿಸುತ್ತೇವೆ. ನಾಲ್ವರ ಸಂಸಾರದಲ್ಲಿ ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ 25 ಲೀಟರಿಗಿಂತ ಹೆಚ್ಚು ಬೇಕಾಗದು. ಗಿಡಗಳಿಗೆ, ನೆಲ ಒರೆಸುವುದಕ್ಕೆ, ಶೌಚಕ್ಕೆ ಬಳಸುವ ನೀರು ಗಡಸಾಗಿದ್ದರೆ ಆಗುವ ಹಾನಿ ನಗಣ್ಯ.

ಅಡುಗೆಮನೆಯ ನೀರಿಗೆ, ತಾತ್ಕಾಲಿಕ ಗಡಸುತನವೇ ಪ್ರಧಾನವಾಗಿರುವಲ್ಲಿ, ಹಿಂದಿನ ರಾತ್ರಿ ದೊಡ್ಡ ಪಾತ್ರೆಯಲ್ಲಿ ಐದು ಹತ್ತು ನಿಮಿಷ ಕುದಿಸಿ, ಅಲುಗಿಸದೆ ಆರಲು ಬಿಟ್ಟು, ಬೆಳಿಗ್ಗೆ ಮೇಲಣ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದುಕೊಳ್ಳುವುದಕ್ಕಿಂತ ಸುಲಭವಾದ ಉಪಾಯ ಬೇರೊಂದಿಲ್ಲ. ಕ್ಯಾಲ್ಸಿಯಂ ಬೇಳೆಯ ಸಿಪ್ಪೆ ತಿರುಳುಗಳಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿಗೊಳಿಸುವುದರಿಂದಲೇ ಬೇಳೆ ಬೇಯದಿರುವುದು. ಈ ತಿಳಿನೀರಿನಲ್ಲಿ ನೆನೆಸಿ ಬೇಯಿಸಿದರೆ ಆ ತೊಂದರೆ ಬಹಳ ಕಡಿಮೆಯಾಗುವುದು. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ರೂಢಿಯುಂಟು. ಅದರಿಂದ ಬೇಳೆಯಲ್ಲಿರುವ ಬಿ ಒಂದು ಜೀವಸತ್ತ್ವ ನಾಶವಾಗುವುದೆಂಬುದನ್ನು ನೆನಪಿಡಿರಿ. ಪಟಿಕವನ್ನು ಆಡಿಸುವುದರಿಂದಲೂ, ಚಿಲ್ಲದ ಬೀಜವನ್ನು ತೇಯ್ದು ಹಾಕುವುದರಿಂದಲೂ ಕದಡಿದ ನೀರು ತಿಳಿಯಾಗುವುದೇ ಹೊರತು ಅದರಲ್ಲಿ ಕರಗಿರುವ ಸುಣ್ಣ ಕದಲುವುದಿಲ್ಲ. ಕೊಳಾಯಿಗೆ ಕಟ್ಟುವ ಅಯಸ್ಕಾಂತದ ಉಪಕರಣಗಳು ಗಡಸುತನವನ್ನು ತೆಗೆಯುತ್ತವೆಂಬುದಕ್ಕೆ ನಂಬಲರ್ಹವಾದ ಪ್ರಮಾಣವಿಲ್ಲ. ಅಂಥ ನೀರನ್ನು ಪ್ರಯೋಗಾಲಯದಲ್ಲಿ ಅಳೆದರೆ ಗಡಸುತನ ಮೊದಲಿದ್ದಷ್ಟೇ ಇರುವುದು.

ಸ್ನಾನದ ಮನೆಯಲ್ಲಿ ಸೋಪು ಕ್ಯಾಲ್ಸಿಯಮಿನೊಡನೆ ಕೂಡಿ ಕರಗದ ಜಿಡ್ಡಾಗಿ ಕೂದಲಿಗೂ ಚರ್ಮಕ್ಕೂ ಅಂಟಿಕೊಳ್ಳುತ್ತದೆ. ಸೀಗೆಕಾಯಿ, ಅಂಟುವಾಳಗಳ ನೊರೆಯು ಸಪೋನಿನ್ ಎಂಬ ಬೇರೊಂದು ಜಾತಿಯ ಪದಾರ್ಥದಿಂದ ಹುಟ್ಟುವುದಾದುದರಿಂದ ಅದು ಗಡಸು ನೀರಿನಲ್ಲಿ ಒಡೆಯುವುದಿಲ್ಲ. ಬಯಲುಸೀಮೆಯ ಮನೆಗಳಲ್ಲಿ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು ಎಂಬ ಆಚಾರವು ಈ ಸೀಮೆಯ ನೀರಿಗೆ ಎಷ್ಟು ಒಪ್ಪುವಂಥದಾಗಿತ್ತೆಂಬುದನ್ನು ನೆನೆದರೆ ನನ್ನಲ್ಲಿ ಗೌರವ ಮೂಡುತ್ತದೆ. ಸೋಪನ್ನೇ ಬಳಸುವವರು ಕೊನೆಯಲ್ಲಿ ಒಂದೆರಡು ಚೊಂಬು ಮಳೆನೀರನ್ನೋ ಕುದಿಸಿ ಆರಿಸಿದ ನೀರನ್ನೋ ತಲೆಗೆ ಹಾಕಿಕೊಂಡರೆ ಸಾಕು. ಬಟ್ಟೆಯ ವಿಷಯದಲ್ಲಿ, ನೊರೆ ಬಾರದೆಂದು ಪುಡಿಯನ್ನು ಮತ್ತಷ್ಟು ಮತ್ತಷ್ಟು ಸುರಿಯುವುದಕ್ಕಿಂತ, ಸ್ವಲ್ಪ ಬಟ್ಟೆಸೋಡಾವನ್ನು ಮೊದಲು ನೀರಿಗೆ ಬೆರೆಸಿ ಸುಣ್ಣವನ್ನು ಕೂರಿಸಿಕೊಳ್ಳುವುದು ಲೇಸು. ಅದು ಸ್ಥಿರ ಗಡಸುತನವನ್ನೂ ಇಳಿಸುತ್ತದೆ. ನಾವು ಸುರಿದ ಮಾರ್ಜಕವೆಲ್ಲ ಕಡೆಗೆ ಸೇರುವುದು ಕೆರೆಗಳನ್ನೇ ಎಂಬುದಕ್ಕೆ ಬೆಳ್ಳಂದೂರಿನ ಕೆರೆಯಲ್ಲಿ ಎದ್ದು ರಸ್ತೆಗೆ ಹಾರಿದ ನೊರೆಯ ರಾಶಿಯನ್ನು ಕಂಡವರಿಗೆ ಬೇರೆ ಸಾಕ್ಷ್ಯ ಬೇಕಿಲ್ಲ.

ಸುಣ್ಣವನ್ನು ಸುಣ್ಣದಿಂದಲೇ ತೆಗೆಯುವ ವಿಧಾನವೊಂದುಂಟು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕರು 1841ರಲ್ಲಿ ಇದಕ್ಕೆ ಪೇಟೆಂಟು ಪಡೆದರು: ಅರಳಿದ ಸುಣ್ಣವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ನೀರಿನಲ್ಲಿರುವ ಬೈಕಾರ್ಬೊನೇಟು ಕಾರ್ಬೊನೇಟಾಗಿ ತಳಕ್ಕಿಳಿಯುತ್ತದೆ, ಹಾಕಿದ ಸುಣ್ಣವೂ ಅದರೊಡನೆಯೇ ಇಳಿದುಹೋಗುತ್ತದೆ. ಕ್ಯಾಲ್ಸಿಯಂ ಬೈಕಾರ್ಬೊನೇಟಿನ ಗಡಸುತನ ಲೀಟರಿಗೆ 300 ಮಿಲಿಗ್ರಾಮಿನಷ್ಟಿರುವ 200 ಲೀಟರಿನ ಒಂದು ಪೀಪಾಯಿಗೆ ಶುದ್ಧವಾದ ಅರಳಿದ ಸುಣ್ಣ ಸುಮಾರು 44 ಗ್ರಾಂ ಬೇಕು. ಹೆಚ್ಚು ಬಿದ್ದರೆ ನೀರು ತೀಕ್ಷ್ಣವಾದ ಕ್ಷಾರವಾಗುವುದರಿಂದ, ಮನೆಯಲ್ಲಿ ಇದನ್ನು ಒಗೆಯುವ ನೀರಿಗೆ ಮಾತ್ರ ಬಳಸುವುದು ಕ್ಷೇಮ.

ನೀರು ಕಾದಷ್ಟೂ ಸುಣ್ಣ ಬೇಗ ಬೀಳುವುದರಿಂದ ಗೀಸರನ್ನು ಅತಿಯಾದ ಶಾಖಕ್ಕೆ ಇಡಬೇಡಿರಿ. ಕಾಯಿಲಿನ ಮೇಲೆ ಕೂಡುವ ಪೊರೆ ಶಾಖವನ್ನು ನೀರಿಗೆ ಬಿಡದೆ ಕಾಯಿಲನ್ನೇ ಸುಡುತ್ತದೆ. ಹೊಸದಾಗಿ ಸೌರ ಜಲತಾಪಕವನ್ನು ಕೊಳ್ಳುವವರು ತಮ್ಮ ನೀರು ಗಡಸೆಂಬುದನ್ನು ಮುಂಚಿತವಾಗಿ ತಿಳಿಸಿ, ಸಣ್ಣ ತಾಮ್ರದ ಕೊಳವೆಗಳಲ್ಲಿ ಇದೇ ನೀರು ಹರಿಯದಂಥ ಮಾದರಿಯನ್ನು ಆರಿಸಬೇಕು. ನಲ್ಲಿ, ಷವರುಗಳ ಕರೆಗೆ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನೋ ವಿನೆಗರನ್ನೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಶೌಚಾಲಯಕ್ಕೆಂದು ಮಾರುವ ಉಗ್ರವಾದ ಆ್ಯಸಿಡ್ಡನ್ನು ಬಳಸಿದರೆ ಲೋಹ ಹಾಳಾಗುತ್ತದೆ; ಅದನ್ನು ಬ್ಲೀಚಿಂಗ್ ಪುಡಿಯೊಡನೆ ಎಂದೆಂದಿಗೂ ಸೇರಿಸಕೂಡದು, ಅದರಿಂದ ಹೊರಡುವ ಕ್ಲೋರೀನ್ ಅನಿಲ ಪ್ರಾಣಾಂತಿಕವಾದುದು.

ಇಡೀ ಮನೆಯ ನೀರನ್ನು ಮೆದುಗೊಳಿಸುವ ಸಾಫ್ಟನರ್ ಯಂತ್ರದ ವಿಷಯಕ್ಕೆ ಬರುತ್ತೇನೆ. ಅದರೊಳಗಿನ ರೆಸಿನ್ ಹರಳುಗಳು ನೀರಿನ ಕ್ಯಾಲ್ಸಿಯಮನ್ನು ತಾವು ಹಿಡಿದುಕೊಂಡು ಬದಲಿಗೆ ಸೋಡಿಯಮನ್ನು ಬಿಡುತ್ತವೆ. ಹರಳುಗಳು ತುಂಬಿದಾಗ ಉಪ್ಪಿನ ನೀರನ್ನು ಹಾಯಿಸಿ ಅವನ್ನು ಮತ್ತೆ ಸಿದ್ಧಪಡಿಸುತ್ತೇವೆ. ವಿದ್ಯೆ ಸತ್ಯವಾದುದು, ಫಲವೂ ನಿಶ್ಚಿತ. ಬಚ್ಚಲಿನ ಸಂಕಟವನ್ನು ಅದು ಪೂರ್ತಿಯಾಗಿ ನೀಗುತ್ತದೆ. ಆದರೆ 100 ಮಿಲಿಗ್ರಾಂ ಗಡಸುತನವನ್ನು ತೆಗೆದಲ್ಲಿ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. 500ರ ಗಡಸುತನದ ನೀರನ್ನು ಹೀಗೆ ಪರಿವರ್ತಿಸಿದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ. ರಕ್ತದೊತ್ತಡವುಳ್ಳವರು, ಉಪ್ಪನ್ನು ಬಿಡಬೇಕಾದವರು ಅದನ್ನು ಕುಡಿಯಬಾರದು, ಗಿಡಗಳಿಗೂ ಅದು ಒಗ್ಗದು. ಫ್ಲೋರೈಡನ್ನು ಆ ಯಂತ್ರ ತೆಗೆಯುವುದಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ, ಹರಳನ್ನು ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಕೇಳುವವರೇ ಇಲ್ಲ. ವಸತಿ ಸಮುಚ್ಚಯಗಳಲ್ಲಿ ಮೂಟೆಗಟ್ಟಲೆ ಉಪ್ಪನ್ನು ಬಳಸಿ ಹೊರಬಿಟ್ಟ ಆ ನೀರು ಇಂಗುಗುಂಡಿಗೆ ಇಳಿದರೆ, ನಾವೇ ನಮ್ಮ ಕೊಳವೆಬಾವಿಗೆ ಉಪ್ಪನ್ನು ಸುರಿದಂತಾಯಿತು. ಸಾಫ್ಟನರ್ ಬೇಕೇಬೇಕೆನ್ನುವವರು ಅದನ್ನು ಗೀಸರಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಹೋಗುವ ಸಾಲಿಗೆ ಮಾತ್ರ ಜೋಡಿಸಿರಿ, ಅಡುಗೆಮನೆಯನ್ನು ಬಿಟ್ಟುಬಿಡಿರಿ.

ಆರ್‌ಓ ಯಂತ್ರವು ಫ್ಲೋರೈಡನ್ನೂ ನೈಟ್ರೇಟನ್ನೂ ತೆಗೆಯಬಲ್ಲುದು. ಅವು ಮೇರೆ ಮೀರಿರುವ ಮನೆಯಲ್ಲಿ ಅದು ಆವಶ್ಯಕವೇ ಸರಿ. ಅವಿಲ್ಲದ ಕಡೆ ಕೇವಲ ಗಡಸುತನಕ್ಕೆ ಹೆದರಿ ಅದನ್ನು ಇಡುವುದೆಂದರೆ, ಒಂದು ಲೀಟರಿಗಾಗಿ ಎರಡು ಮೂರು ಲೀಟರನ್ನು ಮೋರಿಗೆ ಬಿಡುವುದು. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವಲ್ಲಿ ಈ ಯಂತ್ರವನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿಯೇ ಹೇಳಿತು.

ಇಷ್ಟೆಲ್ಲ ಚಿಂತಿಸುವ ನಾವು ತಾರಸಿಯ ಮೇಲೆ ಬೀಳುವ ನೀರನ್ನು ಮಾತ್ರ ರಸ್ತೆಗೆ ಹರಿಸುತ್ತಿದ್ದೇವೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 100 ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ 900 ಮಿಲಿಮೀಟರು ಬಿದ್ದು, ಐದರಲ್ಲೊಂದು ಪಾಲು ಪೋಲಾದರೂ 72,000 ಲೀಟರು ದೊರೆಯುತ್ತದೆ. ಕೋಲಾರದಂತೆ ಮಳೆ ಕಡಿಮೆಯಿರುವಲ್ಲಿ 50,000 ಲೀಟರಿಗೆ ಮೋಸವಿಲ್ಲ. ನಾಲ್ವರ ಅಡುಗೆಗೂ ಪಾನಕ್ಕೂ ವರ್ಷಕ್ಕೆ ಬೇಕಾದುದು 9,000 ಲೀಟರಿನ ಆಸುಪಾಸು. ಆಕಾಶದಿಂದ ಬಂದ ಈ ನೀರಿನಲ್ಲಿ ಗಡಸುತನವಿಲ್ಲ, ಫ್ಲೋರೈಡಿಲ್ಲ. ಮೊದಲ ಮಳೆಯ ಕೊಳೆನೀರನ್ನು ಬಿಟ್ಟು, ಜಾಲರಿ ಮರಳುಗಳಲ್ಲಿ ಸೋಸಿ, ಬೆಳಕು ಹೋಗದಂಥ ಮುಚ್ಚಿದ ತೊಟ್ಟಿಯಲ್ಲಿ ಶೇಖರಿಸಿ, ಕುಡಿಯುವಾಗ ಕುದಿಸಿದರೆ ಸಾಕು. ಹೆಚ್ಚಿದ ನೀರನ್ನು ಕೊಳವೆಬಾವಿಯ ನೀರಿನೊಡನೆ ಸಮಸಮವಾಗಿ ಬೆರೆಸಿದರೆ ಗಡಸುತನ ಅರ್ಧಕ್ಕಿಳಿಯುವುದು. ಬೆಂಗಳೂರಿನಲ್ಲಿ ನಿರ್ದಿಷ್ಟ ವಿಸ್ತೀರ್ಣದ ಮೇಲಣ ನಿವೇಶನಗಳಿಗೆ ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಾಯಿದೆಯಿಂದ ಕಡ್ಡಾಯಗೊಳಿಸಿದ್ದಾರೆ. ಬಹುಮಂದಿ ಅದನ್ನು ದಂಡ ತಪ್ಪಿಸಿಕೊಳ್ಳುವ ಒಂದು ಕೊಳವೆಯಾಗಿ ಮಾತ್ರ ಇಟ್ಟುಕೊಂಡಿರುವುದು ವಿಷಾದದ ಸಂಗತಿ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಗಿ, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ನದಿಯ ನೀರನ್ನು ತರುವ ಕಾರ್ಯ ನಡೆದಿದೆ. ಆ ನೀರನ್ನು ಪಡೆದವರಲ್ಲಿ ನನ್ನದೊಂದು ಪ್ರಾರ್ಥನೆ: ಅದನ್ನು ತಂದು ಬೋರಿನ ನೀರಿರುವ ಸಂಪಿಗೆ ಸುರಿಯಬೇಡಿರಿ. ಅದಕ್ಕೆ ಪ್ರತ್ಯೇಕವಾದ ಸಣ್ಣ ತೊಟ್ಟಿಯೊಂದನ್ನು ಇಟ್ಟು ಅಡುಗೆಮನೆಗೆ ಮಾತ್ರ ಸಾಲು ಎಳೆಯಿರಿ. ಬಡಾವಣೆಯ ಸಂಘಗಳ ಪದಾಧಿಕಾರಿಗಳು ಬರುವ ಸಭೆಗೆ ಮೊದಲು ತಮ್ಮ ಕೊಳವೆಬಾವಿಯ ಹಾಗೂ ಟ್ಯಾಂಕರಿನ ನೀರುಗಳನ್ನು ಪರೀಕ್ಷಿಸಿ, ಫ್ಲೋರೈಡು ಮತ್ತು ನೈಟ್ರೇಟುಗಳ ಅಂಕಿಗಳನ್ನು ಎಲ್ಲರೂ ಕಾಣುವಂತೆ ಫಲಕದಲ್ಲಿ ಬರೆಯಿಸಬೇಕೆಂದೂ, ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಗಾರೆ ಹಚ್ಚುವುದಕ್ಕೆ ಮುನ್ನವೇ ಗೋಡೆಯಲ್ಲಿ ಎರಡು ಕೊಳಾಯಿ ಸಾಲುಗಳನ್ನು ಹಾಕಿಸಬೇಕೆಂದೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಇಂತಿ,
ತಮ್ಮಂತೆಯೇ ಕೊಳವೆಬಾವಿಯ ನೀರಿನಲ್ಲಿ ಬಾಳುವೆ ನಡೆಸುತ್ತಿರುವ ಒಬ್ಬ ಗೃಹಸ್ಥ